ಎರಡು ಸಲ ಕಟ್ಟಿಸಿಕೊಂಡ ಎಡಗೈ

ಆ ವೇಟಿಂಗ್ ಹಾಲ್‌ನಲ್ಲಿ ಕೂತ ಮೊದಲ ದಿನವೇ ಒಬ್ಬರ ಹೆಬ್ಬೆರಳನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಹೆಬ್ಬಾಳದ ಸರ್ವೀಸ್ ರಸ್ತೆಯ ಮಗ್ಗುಲಲ್ಲಿರುವ ಫಿಸಿಯೋಥೆರಪಿ ಸೆಂಟರ್ ಅದು. ಗೋಡೆಯುದ್ದಕ್ಕೂ ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಸದ್ದಿಲ್ಲದೆ ಓಡುವ ಟೀವಿ, ಕಿಟಕಿಯಾಚೆ ಫ್ಲೈಓವರಿನ ಹಾರ್ನ್‌ಗಳು. ನನ್ನೆದುರಿನ ಕುರ್ಚಿಯಲ್ಲಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸೊಬ್ಬರು ಕೂತು, ಬಲಗೈಯ ಹೆಬ್ಬೆರಳನ್ನು ತೋರುಬೆರಳಿನ ತುದಿಗೆ ತಾಗಿಸುತ್ತಿದ್ದರು. ಬಿಡುತ್ತಿದ್ದರು. ಮತ್ತೆ ತಾಗಿಸುತ್ತಿದ್ದರು. ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಅಷ್ಟೇ. ಎಳೆಮಗುವೂ ಮಾಡುವ ಕೆಲಸ. ನನ್ನ ಬಲಗೈ ಮಾತ್ರ ಯಾರೋ ಬಸ್ಸಿನಲ್ಲಿ ಮರೆತು ಹೋದ ಗ್ಲೌಸಿನ ಹಾಗೆ ನನ್ನ ತೊಡೆಯ ಮೇಲೆ ಬಿದ್ದಿತ್ತು.

ಸ್ಟ್ರೋಕ್ ಆದವರಿಗೆ ಎಲ್ಲರೂ ಏನೇನೋ ಹೇಳುತ್ತಾರೆ. ಉಪ್ಪು ಕಡಿಮೆ ಮಾಡಿ, ಬೀಪಿ ನೋಡಿಕೊಳ್ಳಿ, ಡಿಪ್ರೆಶನ್ ಬರಬಹುದು, ಬಂದರೆ ತಿಳಿಸಿ. ಆದರೆ ಪಕ್ಕದವರ ಬೆರಳು ಅಲುಗಿದರೆ ನಿಮ್ಮ ಎದೆಯೊಳಗೆ ಒಲೆ ಹೊತ್ತಿಕೊಳ್ಳಬಹುದು ಎಂದು ಯಾರೂ ಹೇಳುವುದಿಲ್ಲ. ಇದನ್ನು ಓದುತ್ತಿರುವ ನೀವೂ ಅಂಥದ್ದೇ ಒಂದು ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಕೈಯನ್ನೋ ಕಾಲನ್ನೋ ಕದ್ದು ನೋಡುತ್ತಿದ್ದರೆ, ನಾಚಿಕೊಳ್ಳಬೇಡಿ. ನಾನು ಒಳ್ಳೆಯ ಕಾನ್ವೆಂಟಿನಲ್ಲಿ ಓದಿದವಳು. ಎನ್ವಿ ಎಷ್ಟು ದೊಡ್ಡ ಪಾಪ ಎಂದು ಬಾಯಿಪಾಠ ಮಾಡಿದವಳು. ನನಗೂ ಉರಿಯಿತು.

ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ. ಕೆಳಗೆ ನಾನು, ನಮ್ಮವರು. ಮೇಲಿನ ಮನೆಯಲ್ಲಿ ಮಗಳು ಸ್ಮಿತಾ, ಅವಳ ಗಂಡ, ಮೊಮ್ಮಗಳು ಧೃತಿ. ಅವತ್ತು ಬೆಳಿಗ್ಗೆ ಡಿಕಾಕ್ಷನ್ ಸುರಿಯುತ್ತಿದ್ದಾಗ ಲೋಟ ಕೈಯಿಂದ ಜಾರಿತು. ತೊಳೆದ ಲೋಟ, ಒದ್ದೆಯಿದೆ ಎಂದುಕೊಂಡೆ. ಇನ್ನೊಂದು ತೆಗೆದುಕೊಂಡೆ, ಅದೂ ಜಾರಿತು. ನಮ್ಮವರು ಪೇಪರಿನಿಂದ ತಲೆಯೆತ್ತಿ ನೋಡಿದರು. ನನ್ನ ತುಟಿ ಒಂದು ಕಡೆಗೆ ವಾಲಿತ್ತಂತೆ. "ನೀನು ಮುನಿಸ್ಕೊಂಡಿದೀಯ ಅಂದ್ಕೊಂಡೆ ಕಣೇ ವಸು," ಎಂದು ಆಮೇಲೆ ಆಸ್ಪತ್ರೆಯಲ್ಲಿ ಅತ್ತರು. ಪಾಪ, ಮದುವೆಯಾದಾಗಿನಿಂದ ನಾನು ಮುನಿಸಿಕೊಂಡಾಗ ತುಟಿಯನ್ನು ಹಾಗೇ ಮಾಡುತ್ತಿದ್ದುದು ನಿಜ. ಅದೃಷ್ಟಕ್ಕೆ ಸ್ಮಿತಾ ಆಫೀಸಿಗೆ ಹೊರಡುವ ಮುಂಚೆ ಕೆಳಗಿಳಿದು ಬಂದಳು. ಒಂದೇ ನೋಟಕ್ಕೆ ಕಾರಿನ ಕೀ ತೆಗೆದಳು.

ಎಮರ್ಜೆನ್ಸಿಯಲ್ಲಿ ಮಲಗಿದಾಗ ಸೀಲಿಂಗಿನ ಚೌಕಗಳನ್ನು ನೋಡುತ್ತಾ ಭಯದಿಂದ ಬಾಯೊಣಗಿತು. ಮಾತೂ ಹೋಗಿಬಿಟ್ಟರೆ? ಮನಸ್ಸಿನಲ್ಲಿ ಏನಾದರೂ ಹೇಳಿಕೊಂಡು ನೋಡೋಣ ಎಂದು ಹೊರಟರೆ, ದಿನವೂ ಹೇಳುವ ವಿಷ್ಣು ಸಹಸ್ರನಾಮದ ಒಂದಕ್ಷರವೂ ನೆನಪಾಗಲಿಲ್ಲ. ತೊದಲುತ್ತಾ ಹೊರಬಂದದ್ದು ಯೇಸುವಿನ ಪ್ರಾರ್ಥನೆ, 'ಅವರ್ ಫಾದರ್.' ಸ್ಕೂಲಿನ ಅಸೆಂಬ್ಲಿಯಲ್ಲಿ ಬಿಸಿಲಲ್ಲಿ ನಿಂತು ಹೇಳುತ್ತಿದ್ದದ್ದು. ಪಕ್ಕದಲ್ಲಿದ್ದ ಮಲಯಾಳಿ ನರ್ಸ್ ನನ್ನನ್ನು ತಮ್ಮವಳೇ ಎಂದುಕೊಂಡು ಹಣೆಯ ಮೇಲೆ ಕೈಯಿಟ್ಟು, ನನ್ನ ಜೊತೆಗೇ ಕೊನೆಯವರೆಗೆ ಹೇಳಿದಳು. ನಾನು ತಿದ್ದಲಿಲ್ಲ. ಆ ಕೈ ತಣ್ಣಗಿತ್ತು, ಬೇಕಾಗಿತ್ತು.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಬಲಗಡೆ ಶಕ್ತಿಯಿಲ್ಲ ಎಂದರು. ಮಾತು ಉಳಿಯಿತು. ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಬಲಗೈ ಮಾತ್ರ ಭುಜದಿಂದ ತೂಗುವ ಒಂದು ಸಾಮಾನಾಯಿತು.

ಆಮೇಲೆ ನಡೆದದ್ದೇ ಈ ಕಥೆಯ ಎಡವಟ್ಟು. ವಾರ್ಡಿಗೆ ಬಂದ ಮೇಲೆ ನಮ್ಮವರು ಗಂಜಿಯ ಬಟ್ಟಲು ಹಿಡಿದು ನನಗೆ ತಿನ್ನಿಸಲು ಬಂದರು. ಅಷ್ಟರಲ್ಲಿ ನನ್ನ ಎಡಗೈ ತಾನಾಗಿ ಎದ್ದು ಚಮಚ ತೆಗೆದುಕೊಂಡಿತು. ತುಳುಕದೆ, ತಡವರಿಸದೆ, ನೇರವಾಗಿ ಬಾಯಿಗೆ. ನಾವಿಬ್ಬರೂ ಚಮಚವನ್ನು ನೋಡಿದೆವು.

"ಇದ್ಯಾವಾಗ ಕಲ್ತೆ?" ಎಂದರು.

ಕಲಿತದ್ದಲ್ಲ. ಹುಟ್ಟಿದ್ದೇ ಹಾಗೆ. ನಾನು ಎಡಚಿ. ಮನೆಯಲ್ಲಿ ಎಡಗೈಯಿಂದ ತುತ್ತು ಎತ್ತಿದರೆ ಅಜ್ಜಿ ತಟ್ಟೆಯನ್ನೇ ಎಳೆದುಕೊಳ್ಳುತ್ತಿದ್ದರು. "ಎಡಚೀನ ಯಾರೇ ಕಟ್ಕೋತಾರೆ?" ಎನ್ನುತ್ತಿದ್ದರು. ಸ್ಕೂಲಿನಲ್ಲಿ ಸಿಸ್ಟರ್ ಒಬ್ಬರು ನನ್ನ ಜಡೆಯ ರಿಬ್ಬನ್ನನ್ನೇ ಬಿಚ್ಚಿ ಎಡಗೈಯನ್ನು ಬೆಂಚಿನ ಹಿಂಬದಿಗೆ ಕಟ್ಟುತ್ತಿದ್ದರು. ಕೆಟ್ಟವರಲ್ಲ ಅವರು. ಕಟ್ಟುವಾಗ "ಇಟ್ಸ್ ಫಾರ್ ಯುವರ್ ಗುಡ್, ಚೈಲ್ಡ್" ಎಂದು ಮೆಲ್ಲಗೆ ಹೇಳುತ್ತಿದ್ದರು, ಬಿಚ್ಚುವಾಗ ಗುರುತು ಬಿದ್ದ ಜಾಗವನ್ನು ಉಜ್ಜುತ್ತಿದ್ದರು. ಒಂದು ಬದಿಯ ಜಡೆ ಬಿಚ್ಚಿಕೊಂಡು, ಒಂದು ಕೈ ಹಿಂದಕ್ಕೆ ಕಟ್ಟಿಸಿಕೊಂಡು, ಬಲಗೈಯಲ್ಲಿ ಅಕ್ಷರ ಒತ್ತುತ್ತಿದ್ದ ಹುಡುಗಿಯ ಕಡೆಗೆ ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. ಬರಬರುತ್ತಾ ಬಲಗೈ ಪಳಗಿತು. ಹ್ಯಾಂಡ್‌ರೈಟಿಂಗಿಗೆ ಪ್ರೈಜೂ ಬಂತು. ಎಡಗೈಗೆ ಒಂದು ಜೀವನವಿತ್ತೆಂಬುದನ್ನು ಎಲ್ಲರೂ ಮರೆತರು. ನಾನೂ ಮರೆತೆ.

ಮೆದುಳು ಮರೆತಿರಲಿಲ್ಲ. ಬಲಗೈ ಬಿದ್ದದ್ದೇ ತಡ, ಒಳಗೆ ಬಾಗಿಲ ಹಿಂದೆ ಕಾಯುತ್ತಿದ್ದವಳ ಹಾಗೆ ಎಡಗೈ ಹೊರಬಂತು. ಹಲ್ಲುಜ್ಜಿತು. ತಲೆ ಬಾಚಿತು. ಗುಂಡಿ ಹಾಕಿತು. ಸ್ವಲ್ಪ ದಿನದಲ್ಲಿ ವಕ್ರವಕ್ರವಾಗಿ ನನ್ನ ಹೆಸರು ಬರೆಯಿತು, ಆಮೇಲೆ ನೆಟ್ಟಗೂ ಬರೆಯಿತು. ಸ್ಮಿತಾ ಅದನ್ನು ವೀಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಚಪ್ಪಾಳೆಗಳ ಸುರಿಮಳೆ. ಧೃತಿಯೂ ಎಡಚಿ. ಅವಳು ಬಂದು ನನ್ನ ಎಡಗೈ ಕುಲುಕಿ, "ವೆಲ್ಕಮ್ ಟು ದ ಕ್ಲಬ್, ಅಜ್ಜಿ!" ಎಂದಳು.

ನಕ್ಕೆ. ಆದರೆ ಆ ಮಗುವನ್ನು ನೋಡಿಯೂ ನನಗೆ ಉರಿಯುತ್ತಿತ್ತು ಎಂದು ಹೇಗೆ ಹೇಳಲಿ? ಅವಳು ಎಡಗೈಯಲ್ಲಿ ಚಪಾತಿ ಹರಿಯುತ್ತಾಳೆ, ಯಾರೂ ತಟ್ಟೆ ಎಳೆಯುವುದಿಲ್ಲ. ಎಡಚರಿಗೆಂದೇ ಮಾಡಿದ ಕತ್ತರಿಯನ್ನು ಅವಳಮ್ಮ ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದಾಳೆ. ಅವಳ ಜಡೆಯ ರಿಬ್ಬನ್ನು ಜಡೆಯಲ್ಲೇ ಇರುತ್ತದೆ. ಒಂದು ಭಾನುವಾರ ಅವಳ ತಟ್ಟೆಗೆ ಪಲ್ಯ ಬಡಿಸುತ್ತಾ ನನ್ನ ಬಾಯಿ "ಬಲಗೈ, ಪುಟ್ಟಾ" ಎಂದುಬಿಟ್ಟಿತು. ನಾನು ಅಂದದ್ದಲ್ಲ, ಬಾಯಿ ಅಂದದ್ದು. ಬಡಿಸುತ್ತಿದ್ದ ನನ್ನ ಕೈಯೇ ಎಡಗೈ. ಎಲ್ಲರೂ ಗೊಳ್ಳೆಂದು ನಕ್ಕರು. ಬಾಯಿಗೂ ಒಂದು ರೂಢಿಯಿರುತ್ತದೆ, ಅದು ಕೈಯನ್ನು ಕೇಳಿಕೊಂಡು ಮಾತಾಡುವುದಿಲ್ಲ.

ಎಡಗೈಯ ಇಂಥ ಜಂಬದಲ್ಲೇ ನಾನು ಹೆಬ್ಬಾಳದ ಆ ಸೆಂಟರಿಗೆ ಬಂದದ್ದು. ಎದುರು ಕುರ್ಚಿಯ ಹೆಬ್ಬೆರಳಿನ ಒಡತಿಯ ಹೆಸರು ಮುನಿಲಕ್ಷ್ಮಮ್ಮ. ಜಕ್ಕೂರಿನ ಹಳೇ ಊರಿನವರು. ಮೊದಲು ಹೊಲಗಳಿದ್ದವಂತೆ, ಈಗ ಅವುಗಳ ಮೇಲೆ ಅಪಾರ್ಟ್‌ಮೆಂಟುಗಳು. ದೊಡ್ಡ ಬಿಳೀ ಕಾರಿನಲ್ಲಿ ಸೊಸೆ ಭಾಗ್ಯಳ ಜೊತೆ ಬರುತ್ತಿದ್ದರು. ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತೇ ಇರಲಿಲ್ಲ.

"ಯಾಕ್ ಮೇಡಮ್ಮೋರೆ, ನಿಮ್ಗೂ ಬಲಗಡೆನಾ?"

"ಹೌದು ಕಣ್ರೀ, ರೈಟ್ ಸೈಡು."

"ನಂದೂ ಬಲಗಡೇನೇ. ಯಾವಾಗ ಒಡೀತು?"

ಹೇಳಿದೆ. ಅವರಿಗೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಆಗಿತ್ತು.

"ಅಯ್ಯೋ, ಒಂದೇ ಕಿತ ಬಿದ್ದಿದೀವಿ. ನಂದು ನೋಡಿ, ಇಂಗೆ ಬಂದ್ಬುಟ್ಟೈತೆ," ಎಂದು ಹೆಬ್ಬೆರಳು ಕುಣಿಸಿದರು. "ನಿಮ್ದು ಇನ್ನೂ ಮಲ್ಗೈತಲ್ಲ?"

"ಬಹಳ ಸಂತೋಷ ನಿಮ್ಮದು ಬಂದದ್ದು," ಎಂದೆ. ಗುಡ್ ಮ್ಯಾನರ್ಸ್ ಕಲಿಸಿದ್ದರಲ್ಲ. ನಗುವನ್ನು ಮುಖದ ಮೇಲೆ ಹಿಡಿದಿಡುವುದಕ್ಕೆ ಬಲಗೈಯೆತ್ತುವಷ್ಟೇ ಕಷ್ಟವಾಯಿತು.

ನಮ್ಮ ಥೆರಪಿಸ್ಟ್ ಶಿಲ್ಪಾ, ಚುರುಕಾದ ಹುಡುಗಿ. ಕೆಲವು ವಾರ ನನ್ನ ಬಲಗೈಯಲ್ಲಿ ಕಡಲೆಕಾಳು ಎತ್ತಿಸುವುದು, ಬಣ್ಣದ ಮೆತ್ತನೆ ಉಂಡೆ ಹಿಸುಕಿಸುವುದು, ಟವೆಲ್ ತಳ್ಳಿಸುವುದು ಎಲ್ಲ ಮಾಡಿಸಿದಳು. ಮುನಿಲಕ್ಷ್ಮಮ್ಮ ಪಕ್ಕದ ಮೇಜಿನಲ್ಲಿ ಅದೇ ಕಾಳುಗಳನ್ನು ಎತ್ತಿ ಬಟ್ಟಲಿಗೆ ಹಾಕುತ್ತಿದ್ದರು. ಟಣ್, ಟಣ್, ಟಣ್. ನನ್ನ ಬಟ್ಟಲು ಮೌನವಾಗಿತ್ತು. ನಾನು ಮೇಜಿನ ಮೇಲೆ ಕಣ್ಣಿಟ್ಟರೂ ಕಿವಿ ಅವರ ಬಟ್ಟಲಿನಲ್ಲೇ ಇರುತ್ತಿತ್ತು. ನನ್ನ ಬೆರಳುಗಳು ಸ್ವಲ್ಪ ಮಡಚುತ್ತಿದ್ದವು, ಅಲ್ಲಿಗೇ ನಿಲ್ಲುತ್ತಿದ್ದವು.

ಒಂದು ದಿನ ಶಿಲ್ಪಾ ಕೇಳಿದಳು. "ಆಂಟಿ, ಮನೇಲಿ ಬಲಗೈ ಎಷ್ಟು ಯೂಸ್ ಮಾಡ್ತೀರ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಹೆಮ್ಮೆಯಿಂದ, "ಅವಳಿಗೆ ಬೇಕೇ ಇಲ್ಲಮ್ಮ! ಎಲ್ಲಾ ಎಡಗೈಯಲ್ಲೇ ಮಾಡ್ಕೋತಾಳೆ. ಬರೀತಾಳೆ ಕೂಡ," ಎಂದು ಫೋನಿನಲ್ಲಿದ್ದ ವೀಡಿಯೋ ತೋರಿಸಿದರು.

ಶಿಲ್ಪಾ ವೀಡಿಯೋ ಪೂರ್ತಿ ನೋಡಿದಳು. ಚಪ್ಪಾಳೆ ಹೊಡೆಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತಳು.

"ಆಂಟಿ, ನಮ್ಮ ಬ್ರೇನ್ ಒಂಥರಾ ಈ ಹೆಬ್ಬಾಳದ ಟ್ರಾಫಿಕ್ ಇದ್ದಂಗೆ. ಯಾವ ದಾರಿ ಸಲೀಸಾಗಿ ಸಿಗುತ್ತೋ ಅದ್ರಲ್ಲೇ ನುಗ್ಗುತ್ತೆ. ನಿಮ್ಗೆ ಎಡಗಡೆ ಚಿಕ್ಕಂದಿನ ದಾರಿ ಒಂದು ರೆಡಿ ಇತ್ತು. ಈಗ ಎಲ್ಲಾ ಗಾಡಿ ಅದ್ರಲ್ಲೇ ಹೋಗ್ತಿದೆ. ಬಲಗಡೆ ದಾರಿ ಹಾಳಾಗಿದೆ, ರಿಪೇರಿ ಆಗ್ಬೇಕು ಅಂದ್ರೆ ಅದ್ರಲ್ಲಿ ಗಾಡಿ ಓಡ್ಬೇಕು. ಓಡ್ಬೇಕು ಅಂದ್ರೆ ಎಡಗಡೆ ಬಂದ್ ಮಾಡ್ಬೇಕು. ಇದೇ ಟೈಮು. ತಡ ಮಾಡಿದ್ರೆ ಬಲಗೈ ಹೀಗೇ ಉಳ್ಕೊಳುತ್ತೆ."

ಡ್ರಾಯರಿನಿಂದ ದಪ್ಪನೆಯ ಬಟ್ಟೆಯ ಒಂದು ಚೀಲ ತೆಗೆದಳು. ಓವನ್ನಿನಿಂದ ಬಿಸಿ ಪಾತ್ರೆ ಇಳಿಸುವಾಗ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಮಣಿಕಟ್ಟಿಗೆ ಪಟ್ಟಿ. "ಇದನ್ನ ಎಡಗೈಗೆ ಹಾಕಿ ಕಟ್ಟಿಬಿಡ್ಬೇಕು. ಸ್ನಾನ, ನಡೆಯೋದು, ಮೆಟ್ಟಿಲು ಹತ್ತೋದು ಬಿಟ್ಟು ಮಿಕ್ಕ ಟೈಮೆಲ್ಲ. ಬಲಗೈಯಲ್ಲೇ ಎಲ್ಲಾ."

ಕಟ್ಟಬೇಕು. ಆ ಒಂದು ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಅರವತ್ತು ವರ್ಷದ ಮೇಲೆ ಹೊರಗೆ ಬಂದ ಕೈ. ಬರೆಯುತ್ತಿತ್ತು, ನಗುತ್ತಿತ್ತು. ಅದನ್ನು ಮತ್ತೆ ಕಟ್ಟಬೇಕಂತೆ, ಮತ್ತೆ ನನ್ನ ಒಳ್ಳೆಯದಕ್ಕೇ. "ನೋ," ಎಂದೆ. "ಐ ವಿಲ್ ನಾಟ್." ನಮ್ಮವರ ಕಡೆ ತಿರುಗಿ, "ನಡೀರಿ ಮನೆಗೆ," ಎಂದೆ.

ಹೊರಗೆ ಕಾರು ಬರಲು ಕಾಯುತ್ತಿದ್ದಾಗ ಭಾಗ್ಯ ಪಕ್ಕದಲ್ಲಿ ನಿಂತಿದ್ದಳು. ತಡೆಯಲಾಗದೆ ಕೇಳಿಯೇಬಿಟ್ಟೆ. ನಿಮ್ಮತ್ತೆಗೆ ಮನೆಯಲ್ಲಿ ಯಾರಾದರೂ ಸ್ಪೆಷಲಿಸ್ಟ್ ಬರುತ್ತಾರಾ?

"ಸ್ಪೆಷಲಿಸ್ಟೂ ಇಲ್ಲ ಎಂತದೂ ಇಲ್ಲ ಆಂಟಿ," ಎಂದು ಭಾಗ್ಯ ನಕ್ಕಳು. "ನಮ್ಮತ್ತೆ ಹಟ. ಆಸ್ಪತ್ರೆಯಿಂದ ಬಂದ ದಿನ ತಟ್ಟೆ ಮುಂದೆ ಇಟ್ರೆ, ಎಡಗೈಲಿ ಉಣ್ಣೋದಾ, ಸತ್ರೂ ಇಲ್ಲ ಅಂದ್ಬಿಟ್ರು. ಸರಿ, ನಾನ್ ತಿನ್ನಿಸ್ತೀನಿ ಅಂದೆ. ನಾನೇನ್ ಕೂಸಾ, ಓಗೇ ಅತ್ಲಾಗೆ ಅಂದ್ರು. ಆ ಬಲಗೈನೇ ಎಡಗೈಲಿ ಎತ್ತಿ ತಟ್ಟೆ ಒಳಗಾಕ್ಕೊಂಡು ಮುದ್ದೆ ಮುರಿಯಾಕೆ ಕೂತ್ರು. ಸಾರು ಗೋಡೆಗೆಲ್ಲ ಹಾರೋದು. ಅರ್ಧ ಮುದ್ದೆ ಸೀರೆ ಮೇಲೆ. ಬೈಕೊಂಡು ಬೈಕೊಂಡು ಉಣ್ಣೋರು. ಮೂರೊತ್ತೂ ಅದೇ ಆಟ. ಈಗ ನೋಡಿ, ಮುದ್ದೆ ಮುರಿದು ಸಾರಲ್ಲಿ ಅದ್ದಿ ಗುಳುಂ."

ಮನೆಗೆ ಬಂದು ಮಂಚದ ಮೇಲೆ ಕೂತೆ. ನನಗೆ ಸಹಿಸಲಾಗದೆ ಹೋದದ್ದು ಇದೇ. ಎಡಗೈ ಅಂದರೆ ಅನಿಷ್ಟ ಎಂಬ ಯಾವ ಕಟ್ಟಳೆ ನನ್ನ ಬಾಲ್ಯದ ಕೈಯನ್ನು ಬೆಂಚಿಗೆ ಕಟ್ಟಿತ್ತೋ, ಅದೇ ಕಟ್ಟಳೆ ಆ ಹೆಂಗಸಿಗೆ ಔಷಧಿಯಾಗಿತ್ತು. ಶಿಲ್ಪಾಳ ಬಣ್ಣದ ಉಂಡೆಯ ಕೆಲಸವನ್ನು ಅವರ ರಾಗಿಮುದ್ದೆ ದಿನಕ್ಕೆ ಮೂರು ಹೊತ್ತು ಮಾಡಿಸಿತ್ತು. ಅವರಿಗೆ ಬೇರೆ ದಾರಿಯೇ ಇರಲಿಲ್ಲ, ಅದಕ್ಕೇ ದಾರಿ ಸಿಕ್ಕಿತು. ನನಗೆ ಎರಡು ಕೈಯ ಭಾಗ್ಯವಿತ್ತು, ಅದರಿಂದಲೇ ಒಂದು ಸಾಯುತ್ತಿತ್ತು. ವಾಟ್ ಜಸ್ಟಿಸ್! ಅವತ್ತು ರಾತ್ರಿಯ ಊಟವನ್ನು ಎಡಗೈಯಲ್ಲೇ, ಬೇಕೆಂದೇ, ಚೆನ್ನಾಗಿ ಮಾಡಿದೆ. ಯಾವುದೂ ರುಚಿಯಾಗಲಿಲ್ಲ.

ಮುಂದಿನ ಸಲ ಹೋದಾಗ ಮುನಿಲಕ್ಷ್ಮಮ್ಮ ತಮ್ಮೂರಿನ ಅಮ್ಮನವರ ಗುಡಿಯಿಂದ ಪ್ರಸಾದ ತಂದಿದ್ದರು. ಹಾಲ್‌ನಲ್ಲಿದ್ದವರಿಗೆಲ್ಲ ಎಡಗೈಯಲ್ಲಿ ಕೋಲೂರಿ, ತಟ್ಟೆಯನ್ನು ಭಾಗ್ಯಳಿಗೆ ಹಿಡಿಸಿ, ಸಕ್ಕರೆ, ಕೊಬ್ಬರಿ ಚೂರು ಹಂಚುತ್ತಾ ಬಂದರು. ಬಲಗೈಯ ಉಂಗುರದ ಬೆರಳಿನಿಂದ ನನ್ನ ಹಣೆಗೆ ಕುಂಕುಮ ಇಟ್ಟರು. ಬೆರಳು ಒಂದಿಷ್ಟೂ ನಡುಗಲಿಲ್ಲ. ಆಮೇಲೆ ಪ್ರಸಾದ ಚಾಚಿದರು. ನನ್ನ ಎಡಗೈ, ಅದರ ಪಾಡಿಗೆ ಅದು, ಮುಂದೆ ಹೋಯಿತು.

ಅವರು ಕೈ ಹಿಂದಕ್ಕೆ ತೆಗೆದರು.

"ಎಡಗೈಲಾ ಮೇಡಮ್ಮೋರೆ? ದೇವ್ರ ಪ್ರಸಾದ. ಬಲಗೈ ಚಾಚಿ."

"ಬರಲ್ಲಲ್ಲ ಕಣ್ರೀ," ಎಂದೆ.

"ಬತ್ತದೆ. ನಾನ್ ನಿಂತಿರ್ತೀನಿ."

ನಿಂತೇ ಇದ್ದರು. ಪಕ್ಕದ ಕುರ್ಚಿಯವರು, ಟೀವಿ ನೋಡುತ್ತಿದ್ದವರು, ರಿಸೆಪ್ಶನ್ನಿನ ಹುಡುಗಿ, ಎಲ್ಲರೂ ನನ್ನ ಕಡೆ ತಿರುಗಿದರು. ಬೆಂಚಿಗೆ ಕಟ್ಟಿದ ಕೈಯನ್ನು ನೋಡುತ್ತಿದ್ದ ಆ ಕ್ಲಾಸಿನಂತೆಯೇ. ಐ ವಾಸ್ ಫ್ಯೂರಿಯಸ್. ಬಲಗೈಗೆ ಏಳು ಎಂದೆ. ಏಳಲಿಲ್ಲ. ಏಳೇ ಎಂದೆ, ಮನಸ್ಸಿನಲ್ಲಿ, ನನ್ನ ಅಜ್ಜಿಯ ದನಿಯಲ್ಲಿ. ಭುಜ ನಡುಗಿತು. ಕೈ ತೊಡೆಯಿಂದ ಒಂದು ಗೇಣು ಮೇಲೆದ್ದು, ಅಲ್ಲೇ ತೂಗಾಡಿ, ದೊಪ್ಪನೆ ಬಿತ್ತು. ಮುನಿಲಕ್ಷ್ಮಮ್ಮ ಬಾಗಿ, ಬಿದ್ದ ಕೈಯ ಅರೆಬಿಚ್ಚಿದ ಅಂಗೈಯೊಳಗೇ ಸಕ್ಕರೆ ಹಾಕಿದರು. "ಅದ್ಯಾಕೆ ಬರಲ್ಲ ಅಂದ್ರಿ? ಬಂತಲ್ಲ," ಎಂದು ಮುಂದಿನವರ ಕಡೆಗೆ ಹೋದರು.

ಅದು ಕರುಣೆಯೋ ಕೊಬ್ಬೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗೈಯಲ್ಲಿ ಸಕ್ಕರೆ ಕರಗುತ್ತಿತ್ತು. ಆ ಬೆರಳು ನನಗೂ ಬೇಕು ಎನ್ನಿಸಿತು. ಆರೋಗ್ಯವಲ್ಲ, ಗುಣವಾಗುವುದಲ್ಲ, ಆ ಹೆಂಗಸಿನ ಹತ್ತಿರ ಇರುವುದು ನನ್ನ ಹತ್ತಿರವೂ ಇರಬೇಕು. ಶಿಲ್ಪಾಳ ರೂಮಿಗೆ ಹೋಗಿ, "ಆ ಚೀಲ ಕೊಡಮ್ಮ," ಎಂದೆ.

ಮನೆಯಲ್ಲಿ ಅದನ್ನು ತೊಡಿಸಿ ಪಟ್ಟಿ ಬಿಗಿದವರು ನಮ್ಮವರು. ಬಿಗಿಯುವಾಗ ಅವರು, "ನೋವಾಯ್ತಾ?" ಎಂದು ಕೇಳಿದರು. ನೋವಿರಲಿಲ್ಲ. ಆದರೂ ಅತ್ತೆ. ಕ್ಲಾಸಿನಲ್ಲಿ ಒಂದು ದಿನವೂ ಅಳದೆ ಉಳಿಸಿಕೊಂಡಿದ್ದೆನಲ್ಲ, ಅದೂ ಸೇರಿ ಬಂದಿರಬೇಕು. ಮೇಲಿನಿಂದ ಇಳಿದು ಬಂದ ಧೃತಿ ಬಾಗಿಲಲ್ಲೇ ನಿಂತಳು.

"ಅಜ್ಜಿ, ವೈ ಆರ್ ದೇ ಟೈಯಿಂಗ್ ಯು? ಇದು ತಪ್ಪು! ತಾತಾ, ಬಿಚ್ಚಿ!"

"ಯಾರೂ ಕಟ್ತಿಲ್ಲ ಪುಟ್ಟಾ. ನಾನೇ ಕಟ್ಟಿಸ್ಕೋತಿದೀನಿ."

"ಬಟ್ ಯು ಆರ್ ಲೈಕ್ ಮಿ!" ಎಂದಳು, ಕಣ್ಣಲ್ಲಿ ನೀರು.

ಹೌದು, ನಾನು ಅವಳ ಹಾಗೆ. ಅವಳ ಹಾಗೆ ಬದುಕಲಿಲ್ಲ, ಅಷ್ಟೇ. ಸ್ನಾನಕ್ಕೆ ಹೋಗುವಾಗ ನೀನೇ ಬಿಚ್ಚುವಿಯಂತೆ ಎಂದೆ. ದಿನವೂ ಸ್ಕೂಲಿಗೆ ಹೊರಡುವ ಮುಂಚೆ ಬಂದು ಜೈಲಿನ ಬೀಗ ತೆಗೆಯುವವಳ ಹಾಗೆ ಗಂಭೀರವಾಗಿ ಬಿಚ್ಚುತ್ತಿದ್ದಳು.

ಒಂದು ಕೈ ನಮ್ಮನ್ನು ಕೇಳದೆ ದಿನಕ್ಕೆ ಎಷ್ಟು ಸಲ ಎದ್ದು ಹೋಗುತ್ತದೆಂದು ಅದನ್ನು ಕಟ್ಟುವವರೆಗೂ ತಿಳಿಯುವುದಿಲ್ಲ. ಫೋನು ಹೊಡೆದುಕೊಂಡರೆ ಚೀಲದೊಳಗಿನ ಎಡಗೈ ನೆಗೆಯುತ್ತಿತ್ತು. ಮೂಗು ತುರಿಸಿದರೆ ಚೀಲವೇ ಮುಖಕ್ಕೆ ಬಂದು ಬಡಿಯುತ್ತಿತ್ತು. ಕಾಲಿಂಗ್ ಬೆಲ್ಲು, ಜಾರಿದ ಸೆರಗು, ಕನ್ನಡಕ, ಎಲ್ಲಕ್ಕೂ ಅದೇ ಮೊದಲು. ಬೇಡ ಎಂದು ನಾನು ನೆನೆಯುವಷ್ಟರಲ್ಲಿ ಅದು ಹೊರಟಾಗಿರುತ್ತಿತ್ತು. ನಾನು ಯಾವಾಗಲೂ ಅದಕ್ಕಿಂತ ಒಂದು ಹೆಜ್ಜೆ ತಡ. ಬುದ್ಧಿ ಹೇಳಿದರೆ ರೂಢಿ ಕೇಳುತ್ತದೆ ಎಂದು ಇನ್ನು ಮುಂದೆ ಯಾರಾದರೂ ನನಗೆ ಹೇಳಿದರೆ, ಅವರಿಗೆ ಆ ಚೀಲವನ್ನು ಕೊಡುತ್ತೇನೆ.

ಊಟ ಅಂದರೆ ರಣರಂಗ. ಮುದ್ದೆ ನಮ್ಮ ಮನೆಯಲ್ಲಿ ಯಾರಿಗೂ ಮಾಡಿ ಅಭ್ಯಾಸವಿರಲಿಲ್ಲ. ಆದರೂ ಸ್ಮಿತಾಳಿಂದ ಮಾಡಿಸಿದೆ. ಮುನಿಲಕ್ಷ್ಮಮ್ಮನ ಹತ್ತಿರ ಏನೇನಿತ್ತೋ ಅದೆಲ್ಲ ನನಗೂ ಬೇಕಿತ್ತಲ್ಲ. ಗಂಟುಗಂಟಾದ ಮುದ್ದೆ. ಬಲಗೈ ಅದರಲ್ಲಿ ಹೂತು ಹಾಗೇ ಕೂತಿತು. ಸಾರು ಮೊಣಕೈಯವರೆಗೆ ಇಳಿಯಿತು. ನಮ್ಮವರು ಮೇಜಿನ ಮೇಲೆ ಪೇಪರು ಹರಡಿ, ನಾನು ತಿನ್ನುವುದನ್ನು ನೋಡಲಾಗದೆ, ನೋಡಿದರೆ ನನಗೆ ಅವಮಾನವೆಂದು, ವರಾಂಡಕ್ಕೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಆಗಷ್ಟೇ ಹಾಕಿದ ಗಿಡಗಳಿಗೇ ಮತ್ತೆ ಮತ್ತೆ. ಆ ತಿಂಗಳು ಒಂದು ತುಳಸಿ ಕೊಳೆತು ಸತ್ತಿತು. ಅದಕ್ಕಿಂತ ದೊಡ್ಡ ಪ್ರೀತಿಯನ್ನು ನಾನು ಕಂಡಿಲ್ಲ.

ಸಿಟ್ಟು ಬಂದ ದಿನಗಳಿಗೆ ಲೆಕ್ಕವಿಲ್ಲ. ಹಲ್ಲಿನಿಂದ ಪಟ್ಟಿ ಕಿತ್ತು ಚೀಲ ಎಸೆದದ್ದೂ ಉಂಟು. ವಾರಗಟ್ಟಲೆ ಏನೂ ಬದಲಾಗದೆ, ಶಿಲ್ಪಾ ಬರೀ "ಗುಡ್ ಆಂಟಿ, ಗುಡ್" ಎನ್ನುತ್ತಿದ್ದಾಗ ಈ ಕೈ ಇಷ್ಟೇ ಎಂದು ಭಯವಾಗುತ್ತಿತ್ತು. ಅಂಥ ದಿನಗಳಲ್ಲಿ ನನ್ನನ್ನು ಎಬ್ಬಿಸಿ ಹೆಬ್ಬಾಳಕ್ಕೆ ಕಳಿಸುತ್ತಿದ್ದದ್ದು ದೇವರಲ್ಲ, ಧೈರ್ಯವಲ್ಲ. ಮುನಿಲಕ್ಷ್ಮಮ್ಮ ಇವತ್ತು ಏನು ಮಾಡುತ್ತಾರೋ ಎಂಬ ಉರಿ. ಅವರು ರವಿಕೆಯ ಹುಕ್ಕು ಹಾಕಿಕೊಂಡ ದಿನ ನಾನು ಮನೆಗೆ ಬಂದು ಕತ್ತಲಾಗುವವರೆಗೆ ಒಂದು ಹುಕ್ಕಿನ ಜೊತೆ ಗುದ್ದಾಡಿದೆ. ಅವರು ಜಡೆ ಹೆಣೆದುಕೊಂಡು ಬಂದ ದಿನ ನನಗೆ ಊಟ ಸೇರಲಿಲ್ಲ. ಅವರು ಜ್ವರವೆಂದು ಒಂದು ವಾರ ಬಾರದಿದ್ದಾಗ ಖುಷಿಯಾಯಿತು. ಗಾಡ್ ಫರ್ಗಿವ್ ಮಿ. ಎರಡನೆಯ ದಿನಕ್ಕೇ ಆ ಖುಷಿ ಸಪ್ಪಗಾಯಿತು. ಪಕ್ಕದ ಬಟ್ಟಲಿನ ಟಣ್ ಟಣ್ ಇಲ್ಲದೆ ನನ್ನ ಬೆರಳು ಮಡಚಲೇ ಇಲ್ಲ.

"ಯಾಕಾಂಟಿ, ಇವತ್ತು ಮೂಡ್ ಇಲ್ವಾ?" ಎಂದಳು ಶಿಲ್ಪಾ.

"ಜಕ್ಕೂರಿನವರು ಯಾವಾಗ ಬರ್ತಾರೆ?" ಎಂದೆ.

ನಿಧಾನಕ್ಕೆ, ತೀರಾ ನಿಧಾನಕ್ಕೆ, ಕೆಲವು ಸಂಗತಿಗಳು ಬಂದವು. ಒಂದು ಕಡಲೆಕಾಳು. ಬಾಗಿಲಿನ ಚಿಲಕ. ಅರ್ಧ ತುಂಬಿದ ಲೋಟವನ್ನು ಬಾಯವರೆಗೆ ತಂದದ್ದು. ಬರವಣಿಗೆ ಬರಲಿಲ್ಲ. ಪ್ರೈಜು ಬಂದ ಆ ಅಕ್ಷರಗಳು ಹೋದವು, ಹೋದವೇ. ಬರೆಯುವುದನ್ನು ಎಡಗೈಗೇ ಬಿಟ್ಟುಕೊಟ್ಟೆ. ಇದನ್ನು ಬರೆಯುತ್ತಿರುವುದೂ ಅದೇ. ಒಂದು ದಿನ ಶಿಲ್ಪಾ, ಇನ್ನು ಚೀಲ ಬೇಡ, ಎರಡೂ ಕೈ ಬಳಸಿ, ನೋಡೋಣ ಯಾವುದು ಯಾವುದಕ್ಕೆ ಏಳುತ್ತದೆ ಎಂದಳು. ಎಡಗೈ ಮತ್ತೆ ಎಲ್ಲವನ್ನೂ ಕಸಿದುಕೊಂಡರೆ? ಇಷ್ಟು ಕಷ್ಟಪಟ್ಟದ್ದೆಲ್ಲ ಸೆಂಟರಿನ ಮೇಜಿನ ಮೇಲಷ್ಟೇ ನಡೆಯುವ ಆಟವಾಗಿ, ಮನೆಗೆ ಬಂದೊಡನೆ ಬಲಗೈ ಮತ್ತೆ ಮಲಗಿಬಿಟ್ಟರೆ? ಚೀಲ ಕಟ್ಟಿದ್ದಾಗ ಇಲ್ಲದ ಹೆದರಿಕೆ ಬಿಚ್ಚಿದಾಗ ಶುರುವಾಯಿತು.

ಮೊನ್ನೆ ರಿವ್ಯೂಗೆ ಹೋಗಿದ್ದೆವು. ಮುನಿಲಕ್ಷ್ಮಮ್ಮ ನನ್ನ ಎಡಗಡೆಯ ಕುರ್ಚಿಯಲ್ಲಿ ಬಂದು ಕೂತರು. ಹೊಸ ಸೀರೆ, ಭುಜಕ್ಕೆ ಪಿನ್ನು. ಅವರ ಹೆಸರು ಕರೆದರು.

"ಕೋಲು ಮನೇಲೇ ಬಿಟ್ಟು ಬಂದೀವ್ನಿ ಮೇಡಮ್ಮೋರೆ. ಎಂಗೆ ಓಯ್ತೀನಿ ನೋಡಿ," ಎಂದು ನನ್ನನ್ನು ಓರೆಗಣ್ಣಿನಲ್ಲಿ ನೋಡಿ ಎದ್ದರು.

"ಅತ್ತೆ, ತಾಳಿ," ಎಂದಳು ಭಾಗ್ಯ.

ತಾಳಲಿಲ್ಲ. ಒಂದು ಹೆಜ್ಜೆ ಇಟ್ಟರು, ಬಲಗಾಲು ಹಿಂದೆಯೇ ಉಳಿಯಿತು, ಮೈ ಮುಂದಕ್ಕೆ ವಾಲಿತು. ಅವರಿದ್ದದ್ದು ನನ್ನ ಎಡಕ್ಕೆ. ನನ್ನ ಎಡಗೈ ಖಾಲಿಯಿತ್ತು, ಅದೇ ಹತ್ತಿರವಿತ್ತು. ಆದರೆ ನನ್ನ ಮೈಗೆ ಅಡ್ಡಲಾಗಿ ಹಾದು ಹೋದದ್ದು ಬಲಗೈ. ನಾನು ಕಳಿಸಲಿಲ್ಲ. ಹೋಗು ಎನ್ನಲಿಲ್ಲ. ನಾನು ನೋಡುವ ಹೊತ್ತಿಗೆ ಅದು ಅವರ ಸೆರಗನ್ನು ತೋಳಿನ ಸಮೇತ ಹಿಡಿದುಕೊಂಡಿತ್ತು. ಅವರ ಭಾರ ತಡೆಯುವಷ್ಟು ಬಲ ಅದರಲ್ಲಿಲ್ಲ. ಹಿಂದಕ್ಕೆ ತಿರುಗಿಸುವಷ್ಟು ಇತ್ತು. ನೆಲಕ್ಕೆ ಬೀಳಬೇಕಾದವರು ದಡಕ್ಕನೆ ಕುರ್ಚಿಯಲ್ಲೇ ಕೂತರು, ಅವರ ಜೊತೆ ನಾನೂ ಅರ್ಧ ಅವರ ತೊಡೆಯ ಮೇಲೆ.

ಭಾಗ್ಯ ಕಿರುಚಿದಳು. ನಮ್ಮವರು ಓಡಿಬಂದರು. ಮುನಿಲಕ್ಷ್ಮಮ್ಮ ಉಸಿರು ಸರಿಮಾಡಿಕೊಂಡು ಮೊದಲು ಅಂದದ್ದು, "ಸೀರೆ ಪಿನ್ನು ಕಿತ್ತಾಕ್ಬುಟ್ರಲ್ಲ ಮೇಡಮ್ಮೋರೆ!"

"ಸಾರಿ ಕಣ್ರೀ."

"ಸಾರಿ ಇರ್ಲಿ, ಬಿಡಿ ಈಗ."

ಬಿಡಲು ಬರಲಿಲ್ಲ. ಸ್ಟ್ರೋಕ್ ಆದ ಕೈಗೆ ಹಿಡಿಯುವುದಕ್ಕಿಂತ ಬಿಡುವುದು ಕಷ್ಟ. ನಿಮಗೂ ಗೊತ್ತಿರಬಹುದು. ಬೆರಳುಗಳು ಗಂಟು ಹಾಕಿಕೊಂಡು ಕೂತಿದ್ದವು. ಮುನಿಲಕ್ಷ್ಮಮ್ಮ ಬಾಗಿ ನೋಡಿದರು. ಯಾವ ಕೈ ಎಂದು ಆಗಲೇ ಅವರಿಗೆ ಹೊಳೆದದ್ದು. ತಮ್ಮ ಬಲಗೈಯಿಂದ, ನನ್ನ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿದರು. ಬಿಡಿಸಿ ಆದ ಮೇಲೂ ಸ್ವಲ್ಪ ಹೊತ್ತು ಆ ಕೈಯನ್ನು ಅತ್ತಿತ್ತ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿದರು. ನಾನು ಅವರ ಮುಖವನ್ನು ನೋಡುತ್ತಿದ್ದೆ.

ಆಮೇಲೆ ಸೊಸೆಯ ಕಡೆ ತಿರುಗಿ, ಇಡೀ ಹಾಲ್‌ಗೆ ಕೇಳುವಂತೆ, ಹುಳಿ ಕಚ್ಚಿದ ದನಿಯಲ್ಲಿ ಅಂದರು, "ಇವರಿಗೇನಮ್ಮ ಭಾಗ್ಯ! ಆ ಕೈಲಿ ಬರೀತಾರೆ, ಈ ಕೈಲಿ ನನ್ನಂತೋಳ್ನ ಎಳೆದು ಕೂರ್ಸ್ತಾರೆ. ನಮ್ಗೆ ಇರೋದು ಒಂದೇ ಕೈ."

ಆ ದನಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ತಿಂಗಳು ಅದು ನನ್ನೊಳಗೇ ಇದ್ದದ್ದು. ಅಪ್ಪಟ ಹೊಟ್ಟೆಕಿಚ್ಚು. ಯಾವ ಡಾಕ್ಟರೂ, ಯಾವ ರಿಪೋರ್ಟೂ ನನಗೆ ಇಂಥ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಪಿನ್ನು ಹುಡುಕಿ ಕೊಟ್ಟೆ. ಮನೆ ಮುಟ್ಟುವವರೆಗೂ ನಮ್ಮವರು, "ಯಾಕೇ ವಸು, ಒಬ್ಬಳೇ ನಗ್ತಿದೀಯ?" ಎಂದು ಕೇಳುತ್ತಲೇ ಇದ್ದರು.